ತೋಳಿನ ಪಟ್ಟಿಗೆ ಸಿಗದ ರಕ್ತದೊತ್ತಡ

ಟಿಟ್ವಾಳಾ ಸ್ಟೇಷನ್ನಿನ ಸೇತುವೆಯನ್ನು ಒಂದೇ ದಮ್ಮಿಗೆ ಹತ್ತಲಾರದವರು ನಮ್ಮಲ್ಲಿ ಬಹಳ ಮಂದಿ. ವಯಸ್ಸು, ಬೊಜ್ಜು, ಬೆಳಗಿನ ಗಡಿಬಿಡಿ ಎಂದು ಹೇಳಿ ಮುಗಿಸುತ್ತೇವೆ. ನಮ್ಮ ನಾದಿನಿಯ ವಿಷಯದಲ್ಲೂ ಹಾಗೆಯೇ ಎರಡು ವರ್ಷ ಕಳೆದೆವು. ಮೂವತ್ತೊಂದರ ಹೆಂಗಸು ಮೆಟ್ಟಿಲ ನಡುವೆ ಕಣ್ಣು ಕತ್ತಲಿಟ್ಟು ಕುಸಿದ ದಿನ ನಮಗೆ ಎಚ್ಚರವಾಯಿತು. ತೋಳಿನ ಬಿ.ಪಿ. ಸರಿಯಾಗಿಯೇ ಇತ್ತು. ಏರಿದ್ದುದು ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ಅಪಧಮನಿಯ ಒತ್ತಡ.

ಬಿ.ಎಸ್ಸಿ. ಓದಿದ್ದೇವೆಂಬ ಧೈರ್ಯದಿಂದ ಈ ರೋಗದ ಚರಿತ್ರೆಯನ್ನು ಕೆದಕಿದೆವು.

1891ರಲ್ಲಿ ಜರ್ಮನಿಯ ರೋಂಬರ್ಗ್ ಶವಪರೀಕ್ಷೆಯಲ್ಲಿ ಈ ಅಪಧಮನಿಗಳು ಗಡುಸಾಗಿದ್ದುದನ್ನು ಕಂಡು, ಕಾರಣ ತಿಳಿಯದೆ ಬರೆದಿಟ್ಟರು. ಬದುಕಿರುವವರಲ್ಲಿ ಅಳೆಯುವುದು ಹೇಗೆ? 1929ರಲ್ಲಿ ಫೋರ್ಸ್‌ಮನ್ ಎಂಬ ತರುಣ ವೈದ್ಯ ತನ್ನದೇ ತೋಳಿನ ನಾಳದಿಂದ ಹೃದಯದವರೆಗೆ ನಳಿಕೆ ತೂರಿಸಿಕೊಂಡು ಎಕ್ಸ್‌ರೇ ತೆಗೆಸಿಕೊಂಡ. ನೊಬೆಲ್ ಬಂದದ್ದು 1956ರಲ್ಲಿ. ಇಂದಿಗೂ ಎಕೋ ಸುಳಿವು ಕೊಡುತ್ತದೆ, ಖಚಿತ ಮಾತು ನಳಿಕೆಯದೇ. ಸರಾಸರಿ ಒತ್ತಡ ಪಾದರಸದ 20 ಮಿ.ಮೀ. ಮೀರಿದರೆ ಅಧಿಕ, 2018ರವರೆಗೆ ಈ ಗಡಿ 25 ಇತ್ತು.

ಚಿಕಿತ್ಸೆ ಬಹಳ ತಡವಾಗಿ ಬಂತು. 1981ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಇಂಥ ರೋಗಿಯೊಬ್ಬಳಿಗೆ ಹೃದಯ, ಶ್ವಾಸಕೋಶ ಎರಡನ್ನೂ ಒಟ್ಟಿಗೆ ಬದಲಿಸಿದರು. 1995ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಎಪೊಪ್ರೊಸ್ಟೆನಾಲ್ ರಕ್ತದಲ್ಲಿ ಕೆಲವೇ ನಿಮಿಷ ಉಳಿಯುವ ಮದ್ದು; ಹಗಲೂ ರಾತ್ರಿ ಪಂಪಿನಿಂದ ಹರಿಯುತ್ತಿರಬೇಕು. 2001ರಲ್ಲಿ ಬೋಸೆಂಟಾನ್ ಗುಳಿಗೆ ಬಂತು.

ನಮಗೆ ಹತ್ತಿರದ ಕಥೆ ಸಿಲ್ಡೆನಾಫಿಲ್‌ನದು. 1998ರಲ್ಲಿ ಅದು ಪುರುಷರ ಬೇರೊಂದು ತೊಂದರೆಗೆ ಮಾರುಕಟ್ಟೆಗೆ ಬಂದದ್ದು ಎಲ್ಲರಿಗೂ ಗೊತ್ತಿದ್ದದ್ದೇ. ನಮ್ಮ 1970ರ ಪೇಟೆಂಟ್ ಕಾಯಿದೆ ಔಷಧವಸ್ತುವಿಗೇ ಪೇಟೆಂಟ್ ಕೊಡುತ್ತಿರಲಿಲ್ಲ. ಆ ನಿಯಮ ಬದಲಾದದ್ದು 2005ರಲ್ಲಿ. ಹೀಗಾಗಿ ನಮ್ಮ ಕಂಪನಿಗಳು ಇದನ್ನು ಅಗ್ಗವಾಗಿ ತಯಾರಿಸಿದವು. ಹೈದರಾಬಾದಿನ ಕೇರ್ ಆಸ್ಪತ್ರೆಯ ವೈದ್ಯರು 22 ರೋಗಿಗಳಿಗೆ ಆರು ವಾರ ಈ ಮದ್ದು, ಆರು ವಾರ ಹುಸಿಗುಳಿಗೆ ಕೊಟ್ಟು ನೋಡಿದರು. ಮದ್ದಿನ ಅವಧಿಯಲ್ಲಿ ಟ್ರೆಡ್‌ಮಿಲ್ ಮೇಲೆ ನಡೆಯುವ ಕಾಲ ಶೇ. 44ರಷ್ಟು ಹೆಚ್ಚಾಯಿತು. ಇದು ಅಚ್ಚಾದದ್ದು 2004ರಲ್ಲಿ. ಈ ರೋಗಕ್ಕೆ ಅಮೆರಿಕದ ಒಪ್ಪಿಗೆ 2005ರಲ್ಲಿ. ಒಂದು ವರ್ಷ ಮೊದಲು! ಈ ಚೀಟಿ ಹಿಡಿದು ಹೋದ ನಾದಿನಿಯನ್ನು ನೋಡಿ ಅಂಗಡಿಯ ಹುಡುಗ ಮುಸಿಮುಸಿ ನಕ್ಕ. ಅವಳು ಮದ್ದು ಕೊಳ್ಳದೆ ಹಿಂದಿರುಗಿದಳು. ಅಂದಿನಿಂದ ನಾವೇ ಹೋಗಿ ತರುತ್ತೇವೆ.

ಎಲ್ಲರಿಗೂ ಒಂದೇ ಮದ್ದಲ್ಲ. ಹಳೆಯ ರಕ್ತಗಡ್ಡೆ ಕಾರಣವಾಗಿದ್ದರೆ ಶಸ್ತ್ರಚಿಕಿತ್ಸೆಯಿಂದಲೇ ತೆಗೆಯಬಹುದು; ಬೆಂಗಳೂರಿನ ನಾರಾಯಣ ಹೃದಯಾಲಯದಲ್ಲಿ ಅದನ್ನು ಮಾಡುತ್ತಾರೆ. ನಳಿಕೆ ಪರೀಕ್ಷೆಯಲ್ಲಿ ನಾಳ ಸಡಿಲವಾಗುವ ಕೆಲವರಿಗೆ ಮಾತ್ರ ಕ್ಯಾಲ್ಸಿಯಂ ತಡೆಯುವ ಗುಳಿಗೆ ಸಾಕು. ಉಳಿದ ಬಹುಮಂದಿಗೆ ಎರಡು ಬಗೆಯ ಗುಳಿಗೆ ಜೊತೆಯಾಗಿ ಕೊಡುವುದು ಮೇಲೆಂದು 2015ರ ಅಧ್ಯಯನವೊಂದು ತೋರಿತು. ನಾಳದ ಗೋಡೆ ದಪ್ಪಗಾಗುವುದನ್ನೇ ತಡೆಯಲು ಮೂರು ವಾರಕ್ಕೊಮ್ಮೆ ಚುಚ್ಚುವ ಸೊಟಾಟರ್ಸೆಪ್ಟ್‌ಗೆ ಅಮೆರಿಕ 2024ರಲ್ಲಿ ಒಪ್ಪಿಗೆ ಕೊಟ್ಟಿದೆ. ಎದೆನೋವಿನ ನೈಟ್ರೇಟ್ ಗುಳಿಗೆಯೊಂದಿಗೆ ಸಿಲ್ಡೆನಾಫಿಲ್ ಸೇರಬಾರದು. ರಕ್ತದೊತ್ತಡ ಅಪಾಯಕರವಾಗಿ ಕುಸಿಯುತ್ತದೆ. ಮದ್ದನ್ನು ತಾವಾಗಿಯೇ ನಿಲ್ಲಿಸಲೂ ಕೂಡದು.

ಎಲ್ಲಕ್ಕಿಂತ ಕಷ್ಟವಾದದ್ದು ಬಸಿರಿನ ಮಾತು. ಈ ರೋಗದಲ್ಲಿ ಬಸಿರು ತಾಯಿಯ ಪ್ರಾಣಕ್ಕೇ ಅಪಾಯ. ಬೋಸೆಂಟಾನ್ ಗರ್ಭದ ಮಗುವಿಗೂ ಹಾನಿ. ಮೊಮ್ಮಗುವಿಗಾಗಿ ಇಲ್ಲಿಯ ಮಹಾಗಣಪತಿಗೆ ಹರಕೆ ಹೊತ್ತಿದ್ದ ನಮ್ಮ ಅತ್ತೆಯವರಿಗೆ ಇದನ್ನು ಹೇಳಲು ಮೂರು ದಿನ ತಡೆದೆವು. ಅವರು ಸುಮ್ಮನೆ ಕೇಳಿಸಿಕೊಂಡು, ಹರಕೆಯ ತೆಂಗಿನಕಾಯಿಯನ್ನು ಮಗಳ ಹೆಸರಿಗೆ ಒಡೆಸಿ ಬಂದರು.