ಬಿಸಿಲಿಗೆ ಎರಡು ಚರಿತ್ರೆ

ಯಾದಗಿರಿ, ಶಹಾಪುರ, ಸುರಪುರ ಸೀಮೆಯನ್ನು ಬಿಸಿಲನಾಡು ಎನ್ನುತ್ತಾರೆ. ಕೊಂಕಲ್‌ನಂಥ ಊರಲ್ಲಿ ಹೊಲಕ್ಕೆ ಹೊರಟವರ ತಲೆಯ ಮೇಲೆ ಸೆರಗೋ ಟವೆಲ್ಲೋ ಇದ್ದೇ ಇರುತ್ತದೆ. 1840ರ ದಶಕದಲ್ಲಿ ಸುರಪುರಕ್ಕೆ ಬಂದ ಮೆಡೋಸ್ ಟೇಲರ್‌ನ ಕಾಲದ ಯುರೋಪಿಯನ್ನರಿಗೂ ಈ ಬಿಸಿಲೆಂದರೆ ಭಯ. ಆದರೆ ಆಗ ಅವರ ತವರಿನ ಹೊಗೆ ಕವಿದ ನಗರಗಳಲ್ಲಿ ಬಿಸಿಲು ಕಾಣದ ಮಕ್ಕಳ ಕಾಲುಗಳು ಬಿಲ್ಲಿನಂತೆ ಬಾಗುತ್ತಿದ್ದವು. ಅದೇ ರಿಕೆಟ್ಸ್.

1919ರಲ್ಲಿ ಬರ್ಲಿನ್ನಿನ ವೈದ್ಯ ಕುರ್ಟ್ ಹುಲ್ಡ್‌ಶಿನ್‌ಸ್ಕಿ ಪಾದರಸ ದೀಪದ ನೇರಳಾತೀತ ಕಿರಣಗಳಿಂದ ಇಂಥ ಮಕ್ಕಳನ್ನು ಗುಣಪಡಿಸಿದ. 1922ರಲ್ಲಿ ಹಚಿಸನ್ ಮತ್ತು ಶಾ ಮುಂಬಯಿ ಪ್ರಾಂತದಲ್ಲಿ ಕಂಡದ್ದನ್ನು ಬರೆದರು. ಉಣ್ಣಲು ಕೊರತೆಯಿಲ್ಲದೆ ಪರದೆಯೊಳಗೆ ಬದುಕುವ ಮನೆತನಗಳಲ್ಲಿ ಈ ರೋಗವಿತ್ತು. ಅರೆಹೊಟ್ಟೆಯಲ್ಲಿ ಬಯಲಲ್ಲಿ ದುಡಿಯುವವರಲ್ಲಿ ಅಪರೂಪವಾಗಿತ್ತು. ಅನ್ನ ಕೊಡದ್ದನ್ನು ಬಿಸಿಲು ಕೊಟ್ಟಿತ್ತು.

1928ರಲ್ಲಿ ಕಥೆ ಕವಲೊಡೆಯಿತು. ಡಿ ಜೀವಸತ್ವಕ್ಕೆ ದಾರಿ ತೋರಿದ ಸಂಶೋಧನೆಗಾಗಿ ಅಡಾಲ್ಫ್ ವಿಂಡೌಸ್‌ಗೆ ನೊಬೆಲ್ ಬಂತು. ಅದೇ ವರ್ಷ ಜಿ. ಎಂ. ಫಿಂಡ್ಲೆ, ನೇರಳಾತೀತ ಕಿರಣಕ್ಕೆ ಒಡ್ಡಿದ ಇಲಿಗಳ ಚರ್ಮದಲ್ಲಿ ಕ್ಯಾನ್ಸರ್ ಹುಟ್ಟಿದ್ದನ್ನು ವರದಿ ಮಾಡಿದ. ಎರಡೂ ಒಂದೇ ಬೆಳಕಿನ ಕೆಲಸ. ನೇರಳಾತೀತ-ಬಿ ಕಿರಣ ಚರ್ಮದಲ್ಲಿ ಡಿ ಜೀವಸತ್ವವನ್ನು ಹುಟ್ಟಿಸುತ್ತದೆ. ಅಲ್ಲೇ ಜೀವಕೋಶದ ಡಿಎನ್‌ಎಗೂ ಗಾಸಿ ಮಾಡುತ್ತದೆ.

ನಡುವೆ ನಿಂತ ಕಾವಲುಗಾರ ಮೆಲನಿನ್. ಬಿಳಿಯರು ನೆಲೆಸಿದ ಆಸ್ಟ್ರೇಲಿಯಾದಲ್ಲಿ ಚರ್ಮದ ಕ್ಯಾನ್ಸರ್ ಎಷ್ಟು ಹೆಚ್ಚಿತೆಂದರೆ, ಅಂಗಿ ತೊಡಿ, ಲೇಪ ಹಚ್ಚಿ, ಟೋಪಿ ಹಾಕಿ ಎಂಬ ಪ್ರಚಾರ 1981ರಲ್ಲೇ ಶುರುವಾಯಿತು. ನಮ್ಮ ಕಪ್ಪು ಚರ್ಮದಲ್ಲಿ ಆ ರೋಗ ಬಹಳ ಕಡಿಮೆ. ಆದರೆ ಕಾವಲಿಗೆ ಸುಂಕವುಂಟು: ಅಷ್ಟೇ ಡಿ ಜೀವಸತ್ವ ತಯಾರಾಗಲು ಕಪ್ಪು ಚರ್ಮಕ್ಕೆ ಹೆಚ್ಚು ಹೊತ್ತಿನ ಬಿಸಿಲು ಬೇಕು.

ಹಾಗಾಗಿ ಆಸ್ಟ್ರೇಲಿಯಾದ ಎಚ್ಚರಿಕೆಯನ್ನು ಇಲ್ಲಿ ಎಲ್ಲರಿಗೂ ಒಂದೇ ತಕ್ಕಡಿಯಲ್ಲಿ ತೂಗಿ ಹಂಚಲಾಗದು. ಬಿಸಿಲನಾಡಿನಲ್ಲೇ ಇದ್ದರೂ ದಿನವಿಡೀ ಸೂರಿನಡಿ ಕಳೆಯುವ ಹೆಣ್ಣುಮಗಳಿಗೆ, ಕಚೇರಿಯ ನೌಕರನಿಗೆ ಡಿ ಜೀವಸತ್ವದ ಕೊರತೆ ಬರಬಹುದು. ಹುಟ್ಟಿನಿಂದಲೇ ಮೆಲನಿನ್ ಇಲ್ಲದೆ ಮೈಯೆಲ್ಲ ಬೆಳ್ಳಗಿರುವ ಮಗುವಿಗೆ ಮಾತ್ರ ಇದೇ ಬಿಸಿಲು ನಿಜವಾದ ಅಪಾಯ. ಅಂಥವರಿಗೆ ಚರ್ಮದ ಕ್ಯಾನ್ಸರ್ ಚಿಕ್ಕ ವಯಸ್ಸಿನಲ್ಲೇ ಬರಬಹುದು. ಊರವರು ಆ ಮಗುವನ್ನು ಅಪಶಕುನವೆಂದು ದೂರವಿಡುವ ಬದಲು ಅದಕ್ಕೊಂದು ತುಂಬುತೋಳಿನ ಅಂಗಿ, ಅಗಲ ಅಂಚಿನ ಟೋಪಿ, ಶಾಲೆಯ ಅಂಗಳದಲ್ಲೊಂದು ಬೇವಿನ ನೆರಳು ಒದಗಿಸಿದರೆ, ನೂರು ವರ್ಷದ ಈ ಚರಿತ್ರೆ ಓದಿದ್ದಕ್ಕೆ ಅರ್ಥ ಬರುತ್ತದೆ.