ಲಯ ತಪ್ಪಿದ ಹೃದಯ, ಹದ ತಪ್ಪಿದ ಗ್ರಂಥಿ

ಎದೆಬಡಿತ ಏರುಪೇರಾಗಿದೆ ಎಂದು ಬಂದವರಿಗೆ ಇಸಿಜಿಯ ಜೊತೆಗೆ ಥೈರಾಯ್ಡ್ ಪರೀಕ್ಷೆಯನ್ನೂ ಬರೆದುಕೊಡುವುದು ಇಂದು ವಾಡಿಕೆ. ಹೃದಯಕ್ಕೂ ಕತ್ತಿನ ಗ್ರಂಥಿಗೂ ಇರುವ ಈ ನಂಟನ್ನು ವೈದ್ಯಲೋಕ ಮೊದಲು ಬರಿಗಣ್ಣಿನಿಂದಲೇ ಗುರುತಿಸಿತು. ಥೈರಾಯ್ಡ್ ಅತಿಯಾಗುವ ಕಾಯಿಲೆಯ ಕುರಿತು ಇಂಗ್ಲೆಂಡಿನ ಬಾತ್ ನಗರದ ವೈದ್ಯ ಕೇಲಬ್ ಪ್ಯಾರಿಯವರ ಟಿಪ್ಪಣಿಗಳು ಅವರು ತೀರಿಕೊಂಡ ಮೇಲೆ, 1825ರಲ್ಲಿ ಪ್ರಕಟವಾದವು. 1835ರಲ್ಲಿ ಡಬ್ಲಿನ್ನಿನ ರಾಬರ್ಟ್ ಗ್ರೇವ್ಸ್, 1840ರಲ್ಲಿ ಜರ್ಮನಿಯ ಕಾರ್ಲ್ ಫಾನ್ ಬಾಸೆಡೊ ಕೂಡ ಇದೇ ಕಾಯಿಲೆಯನ್ನು ವರ್ಣಿಸಿದರು. ಗಳಗಂಡ ಮತ್ತು ಡವಗುಟ್ಟುವ ಎದೆ ಒಟ್ಟಿಗೇ ಬರುತ್ತವೆ ಎಂಬುದು ಮೂವರ ಕಣ್ಣಿಗೂ ಬಿದ್ದಿತ್ತು.

ಕಾರಣ ತಿಳಿಯಲು ಇಪ್ಪತ್ತನೆಯ ಶತಮಾನ ಬರಬೇಕಾಯಿತು. 1906ರಲ್ಲಿ ನೆದರ್ಲೆಂಡ್ಸಿನ ವಿಲೆಮ್ ಐಂಥೋವನ್ ಅಡ್ಡಾದಿಡ್ಡಿ ಮಿಡಿತದ ಇಸಿಜಿ ದಾಖಲೆಯನ್ನು ಪ್ರಕಟಿಸಿದರು. ಅದರ ಮೂಲ ಹೃದಯದ ಮೇಲಿನ ಕೋಣೆಗಳ ಕಂಪನ, ಅಂದರೆ ಏಟ್ರಿಯಲ್ ಫಿಬ್ರಿಲೇಶನ್, ಎಂದು 1909ರಲ್ಲಿ ಲಂಡನ್ನಿನ ಥಾಮಸ್ ಲೂಯಿಸ್ ತೋರಿಸಿಕೊಟ್ಟರು. 1914ರಲ್ಲಿ ಅಮೆರಿಕದ ಎಡ್ವರ್ಡ್ ಕೆಂಡಾಲ್ ಥೈರಾಯ್ಡ್ ಸ್ರವಿಸುವ ಥೈರಾಕ್ಸಿನ್ ಹಾರ್ಮೋನನ್ನು ಪ್ರತ್ಯೇಕಿಸಿದರು. 1952ರಲ್ಲಿ ಅದಕ್ಕಿಂತ ಪ್ರಬಲವಾದ ಥೈರಾಯ್ಡ್ ಹಾರ್ಮೋನ್ ಟಿ3 ಪತ್ತೆಯಾಯಿತು. ಟಿ3 ಹೆಚ್ಚಾದಾಗ ಮೇಲಿನ ಕೋಣೆಗಳ ಜೀವಕೋಶಗಳಿಗೆ ಎರಡು ಮಿಡಿತಗಳ ನಡುವೆ ಸಿಗುವ ಬಿಡುವು ಮೊಟಕಾಗುತ್ತದೆ. ಆಗ ಅಕಾಲದ ಮಿಡಿತಗಳಿಗೆ ಎಡೆಯಾಗುತ್ತದೆ. ನಡುಗುವ ಕೋಣೆಯಲ್ಲಿ ನಿಂತ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಸಾಗಿದರೆ ಪಾರ್ಶ್ವವಾಯು.

ಮುಂದಿನ ಅಧ್ಯಯನಗಳು ಭರವಸೆಯನ್ನೂ ಎಚ್ಚರಿಕೆಯನ್ನೂ ಕೊಟ್ಟವು. ಥೈರಾಯ್ಡ್ ಹದಕ್ಕೆ ಬಂದ ಮೇಲೆ ಶೇ 60ಕ್ಕೂ ಹೆಚ್ಚು ರೋಗಿಗಳ ಮಿಡಿತ ತಾನಾಗಿಯೇ ಸರಿಹೋಯಿತು ಎಂದು 1982ರಲ್ಲಿ ಜಪಾನಿನ ವೈದ್ಯರು ವರದಿ ಮಾಡಿದರು. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನ 1994ರಲ್ಲಿ ಇನ್ನೊಂದು ಮುಖ ತೋರಿಸಿತು: 60 ದಾಟಿದವರಲ್ಲಿ, ಥೈರಾಯ್ಡ್ ಹಾರ್ಮೋನ್ ಹೆಚ್ಚಿದಾಗ ಕುಸಿಯುವ ಟಿಎಸ್‌ಎಚ್ ತೀರಾ ಕಡಿಮೆಯಿದ್ದರೆ, ಹತ್ತು ವರ್ಷಗಳಲ್ಲಿ ಲಯ ತಪ್ಪುವ ಸಂಭವ ಸುಮಾರು ಮೂರು ಪಟ್ಟು. ನಂಟು ಥೈರಾಯ್ಡ್‌ಗಷ್ಟೇ ಸೀಮಿತವಲ್ಲ. ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿ ಆಲ್ಡೋಸ್ಟಿರೋನ್ ಹಾರ್ಮೋನನ್ನು ಅತಿಯಾಗಿ ಸುರಿಸುವವರಲ್ಲೂ, ಸಾಮಾನ್ಯ ಬಗೆಯ ಅಧಿಕ ರಕ್ತದೊತ್ತಡದ ರೋಗಿಗಳಿಗಿಂತ ಈ ತೊಂದರೆ ಬಹಳ ಹೆಚ್ಚೆಂದು 2005ರಲ್ಲಿ ಫ್ರಾನ್ಸಿನ ಸಂಶೋಧಕರು ಕಂಡುಕೊಂಡರು.

ಈ ಕಥೆಯ ಅತ್ಯಂತ ಮಹತ್ವದ ತಿರುವು ಔಷಧಿಯಿಂದಲೇ ಬಂತು. ಎದೆನೋವಿಗೆಂದು 1960ರ ದಶಕದಲ್ಲಿ ಬೆಲ್ಜಿಯಂನಲ್ಲಿ ರೂಪುಗೊಂಡ ಅಮಿಯೋಡರೋನ್, ಮುಂದೆ ಲಯ ಸರಿಪಡಿಸುವ ಪ್ರಬಲ ಮದ್ದಾಯಿತು. ಅದರ 200 ಮಿ.ಗ್ರಾಂ. ಮಾತ್ರೆಯಲ್ಲಿ ಸುಮಾರು 75 ಮಿ.ಗ್ರಾಂ. ಅಯೋಡಿನ್ ಇದೆ. ವಯಸ್ಕರಿಗೆ ದಿನಕ್ಕೆ ಬೇಕಾದದ್ದು ಕೇವಲ 0.15 ಮಿ.ಗ್ರಾಂ. ಹೀಗಾಗಿ ಹೃದಯಕ್ಕೆ ಕೊಟ್ಟ ಮದ್ದು, ಅಯೋಡಿನ್‌ನಿಂದಲೇ ಹಾರ್ಮೋನ್ ತಯಾರಿಸುವ ಥೈರಾಯ್ಡ್ ಗ್ರಂಥಿಯನ್ನು ಕೆಡಿಸಬಲ್ಲದು. 1984ರಲ್ಲಿ ಈ ಮದ್ದು ಸೇವಿಸುತ್ತಿದ್ದ ಇಟಲಿಯ ಟಸ್ಕನಿಯ ರೋಗಿಗಳನ್ನು ಅಮೆರಿಕದ ಮ್ಯಾಸಚೂಸೆಟ್ಸ್‌ನವರೊಂದಿಗೆ ಹೋಲಿಸಿ ನೋಡಲಾಯಿತು. ಆಹಾರದಲ್ಲಿ ಅಯೋಡಿನ್ ಕಡಿಮೆಯಿದ್ದ ಟಸ್ಕನಿಯಲ್ಲಿ ಹಾರ್ಮೋನ್ ಉಕ್ಕುವುದು ಹೆಚ್ಚು, ಸಾಕಷ್ಟಿದ್ದ ಮ್ಯಾಸಚೂಸೆಟ್ಸ್‌ನಲ್ಲಿ ಅದು ಕುಂದುವುದು ಹೆಚ್ಚು ಎಂದು ತಿಳಿಯಿತು.

ಹಾರ್ಮೋನ್ ಹೆಚ್ಚಿದಾಗಿನ ನಡುಕ, ಎದೆಬಡಿತದಂಥ ಲಕ್ಷಣಗಳನ್ನು ಅಮಿಯೋಡರೋನ್ ತಾನೇ ಮರೆಮಾಚಬಲ್ಲದು. ಹತೋಟಿಯಲ್ಲಿದ್ದ ಮಿಡಿತ ಮತ್ತೆ ಕೆಡುವುದೊಂದೇ ಸುಳಿವಾಗಿ ಉಳಿಯಬಹುದು. ಮದ್ದು ಶರೀರದಲ್ಲಿ ತಿಂಗಳುಗಟ್ಟಲೆ ಉಳಿಯುವುದರಿಂದ, ನಿಲ್ಲಿಸಿದ ಮೇಲೂ ತೊಂದರೆ ತಲೆದೋರಬಹುದು. ಆದ್ದರಿಂದ ಮದ್ದು ಶುರುಮಾಡುವ ಮೊದಲು, ಆಮೇಲೆ ಸುಮಾರು ಆರು ತಿಂಗಳಿಗೊಮ್ಮೆ ಥೈರಾಯ್ಡ್ ಪರೀಕ್ಷೆ ಆಗಲೇಬೇಕು. ಮಿಡಿತ ಮತ್ತೆ ಕೆಟ್ಟರೆ, ಮಾತ್ರೆಯ ಪ್ರಮಾಣ ಏರಿಸುವ ಮುನ್ನ ಈ ಪರೀಕ್ಷೆ ಮಾಡಿಸುವುದೇ ವಿವೇಕ. ಹೃದ್ರೋಗ ತಜ್ಞರೂ ಹಾರ್ಮೋನ್ ತಜ್ಞರೂ ಒಂದೇ ರೋಗಿಯನ್ನು ಜೊತೆಯಾಗಿ ನೋಡಬೇಕೆಂಬುದು ಈ ಎರಡು ಶತಮಾನಗಳ ಅನುಭವ ಕಲಿಸಿರುವ ಪಾಠ.