ಹಳೆಯ ಸ್ಪೋರ್ಟ್ಸ್ ಕಾರಿಗೆ ಹೊಸ ಎಂಜಿನ್: ಗ್ಯಾರೇಜ್‌ನಲ್ಲಿ ಆಗುವ ಕೆಲಸ, ಆರ್‌ಸಿಯಲ್ಲಿ ಏಕೆ ಆಗಲ್ಲ?

ಹೈದರಾಬಾದ್‌ನ ಚೌಮಹಲ್ಲಾ ಅರಮನೆಯಲ್ಲಿರುವ ನಿಜಾಮರ 1912ರ ಹಳದಿ ರೋಲ್ಸ್ ರಾಯ್ಸ್ ಓಡದಿದ್ದರೂ ನಡೆಯುತ್ತದೆ, ನೋಡಲು ಸಿಕ್ಕರೆ ಸಾಕು. ಆದರೆ ಮನೆಯ ಶೆಡ್‌ನಲ್ಲಿ ಕಾಂಟೆಸ್ಸಾ ಅಥವಾ ಸ್ಯಾನ್ ಸ್ಟಾರ್ಮ್ ನಿಲ್ಲಿಸಿಕೊಂಡವರ ಕಥೆ ಬೇರೆ. ಬಾಡಿ ಗಟ್ಟಿಯಾಗಿದೆ, ಎಂಜಿನ್ ಸತ್ತಿದೆ, ಬಿಡಿಭಾಗ ಸಿಗುತ್ತಿಲ್ಲ. ಆಗ ಬರುವ ಮೊದಲ ಸಲಹೆ: 'ಹೊಸ ಎಂಜಿನ್ ಕೂರಿಸಿಬಿಡಿ.'

ಇದು ಹೊಸ ಐಡಿಯಾ ಅಲ್ಲ. 1962ರಲ್ಲಿ ಕ್ಯಾರೊಲ್ ಶೆಲ್ಬಿ ಬ್ರಿಟನ್ನಿನ ಎಸಿ ಏಸ್ ಕಾರಿಗೆ ಅಮೆರಿಕದ ಫೋರ್ಡ್ ವಿ8 ಎಂಜಿನ್ ಇಳಿಸಿದ್ದರಿಂದಲೇ ಕೋಬ್ರಾ ಹುಟ್ಟಿತು. 1973ರಲ್ಲಿ ಎಂಜಿ ಕಂಪನಿ ತನ್ನ ಎಂಜಿಬಿ ಜಿಟಿ ಕಾರಿಗೆ ರೋವರ್‌ನ 3.5 ಲೀಟರ್ ವಿ8 ಹಾಕಿತು. ಆ ಎಂಜಿನ್ ಅಲ್ಯೂಮಿನಿಯಂನದ್ದಾದ್ದರಿಂದ ಕಾರಿನ ಮೂತಿ ಹೆಚ್ಚು ಭಾರವಾಗಲಿಲ್ಲ.

ನಮ್ಮಲ್ಲಿ ಈ ಪ್ರಯೋಗ ಮಾಡಿದ್ದು ಕಾರ್ಖಾನೆಗಳೇ. 1984ರಲ್ಲಿ ಬಂದ ಹಿಂದುಸ್ತಾನ್ ಕಾಂಟೆಸ್ಸಾ ನೋಡಲು ಪೈಲ್ವಾನ್, ಒಳಗಿದ್ದದ್ದು ಅಂಬಾಸಡರ್‌ನ 1.5 ಲೀಟರ್ ಎಂಜಿನ್, ಸುಮಾರು 50 ಎಚ್‌ಪಿ. ಮುಂದೆ ಇಸುಜುವಿನ 1.8 ಲೀಟರ್ ಪೆಟ್ರೋಲ್ ಎಂಜಿನ್ ಬಂದ ಮೇಲೆ ಕಾರಿಗೆ ಜೀವ ಬಂತು. ಪ್ರೀಮಿಯರ್ 118ಎನ್ಇ ಕೂಡ ಹಾಗೆಯೇ: ಬಾಡಿ ಫಿಯೆಟ್ 124ರದ್ದು, ಎಂಜಿನ್ ನಿಸ್ಸಾನ್‌ನದ್ದು. ಉಲ್ಟಾ ಮಾಡಿದವರೂ ಇದ್ದಾರೆ. ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಕಂಪನಿ ರೋವರ್ ಎಸ್‌ಡಿ1ರ ಚೆಂದದ ಬಾಡಿಯೊಳಗೆ ವ್ಯಾನ್‌ಗಾರ್ಡ್ ಕಾಲದ ಹಳೆಯ ಎರಡು ಲೀಟರ್ ಎಂಜಿನ್ ಕೂರಿಸಿ ಸ್ಟ್ಯಾಂಡರ್ಡ್ 2000 ಎಂದು ಮಾರಿತು. ಕೆಲವೇ ವರ್ಷಗಳಲ್ಲಿ ಅದು ಮಾರುಕಟ್ಟೆಯಿಂದ ಮಾಯವಾಯಿತು.

ಎಂಜಿನ್ ಕೂರಿಸುವುದು ಹೇಗೆ?

ಮೊದಲ ಪ್ರಶ್ನೆ ಎಂಜಿನ್ ಎಷ್ಟು ದೊಡ್ಡದು ಎಂಬುದಲ್ಲ, ಅದು ಉದ್ದಕ್ಕೆ ಕೂರುತ್ತದೋ ಅಡ್ಡಕ್ಕೆ ಕೂರುತ್ತದೋ ಎಂಬುದು. ಕಾಂಟೆಸ್ಸಾ, ಪದ್ಮಿನಿಯಂಥ ಹಿಂದಿನ ಚಕ್ರ ತಿರುಗುವ ಕಾರುಗಳಲ್ಲಿ ಎಂಜಿನ್ ಉದ್ದುದ್ದ ಇರುತ್ತದೆ. ಇಂದಿನ ಬಹುತೇಕ ಸಣ್ಣ ಕಾರುಗಳಲ್ಲಿ ಅಡ್ಡಡ್ಡ. ಆದ್ದರಿಂದ ಸ್ವಿಫ್ಟ್ ಎಂಜಿನ್ ಗುಜರಿಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ತಂದು ಪದ್ಮಿನಿಗೆ ಇಳಿಸಲು ಬರುವುದಿಲ್ಲ, ಗೇರ್‌ಬಾಕ್ಸನ್ನೇ ಬೇರೆ ಹುಡುಕಬೇಕಾಗುತ್ತದೆ. ಮಾರುತಿ ಜಿಪ್ಸಿಯ 1.3 ಲೀಟರ್ ಎಂಜಿನ್ ಉದ್ದಕ್ಕೆ ಕೂರುವಂಥದ್ದು, ಇಂಥ ಕೆಲಸಕ್ಕೆ ಒಗ್ಗುತ್ತದೆ. ಬೆಂಗಳೂರು ಮೂಲದ ಸ್ಯಾನ್ ಸಮೂಹ ಗೋವಾದಲ್ಲಿ ತಯಾರಿಸಿದ ಎರಡು ಸೀಟಿನ ಸ್ಟಾರ್ಮ್ ಕಾರಿನಲ್ಲಿ ರೆನೋದ 1.2 ಲೀಟರ್ ಎಂಜಿನ್ ಇತ್ತು. ಅದರ ಬಿಡಿಭಾಗ ಇಲ್ಲಿನ ಅಂಗಡಿಗಳಲ್ಲಿ ಹುಡುಕುವುದೇ ದೊಡ್ಡ ಸಾಹಸ.

ಕಾರ್ಬ್ಯುರೇಟರ್ ಕಾಲದ ಪೆಟ್ರೋಲ್ ಪಂಪ್‌ನ ಒತ್ತಡ ಇಂಜೆಕ್ಷನ್ ಎಂಜಿನ್‌ಗೆ ಸಾಲದು. ಸುಮಾರು 3 ಬಾರ್ ಒತ್ತಡ ಕೊಡುವ ಎಲೆಕ್ಟ್ರಿಕ್ ಪಂಪ್, ಅದಕ್ಕೆ ತಕ್ಕ ಪೈಪ್, ಟ್ಯಾಂಕಿಗೆ ಮರಳುವ ಲೈನ್ ಬೇಕು. ಎಂಜಿನ್ ಜೊತೆ ಅದರ ಇಸಿಯು, ಪೂರ್ತಿ ವೈರಿಂಗ್, ಸೆನ್ಸರ್‌ಗಳು ಬರಬೇಕು. ಇಮ್ಮೊಬಿಲೈಸರ್ ಇರುವ ಕಾರಿನದ್ದಾದರೆ ಕೀಲಿಯೂ ಬೇಕು, ಇಲ್ಲದಿದ್ದರೆ ಸ್ಟಾರ್ಟ್ ಆಗುವುದಿಲ್ಲ. ಅನೇಕರು ಅರ್ಧಕ್ಕೆ ಕೈಬಿಡುವುದು ಇಲ್ಲೇ.

ಇನ್ನು ಬ್ರೇಕ್. ಪದ್ಮಿನಿಯ ನಾಲ್ಕೂ ಚಕ್ರಕ್ಕೆ ಇದ್ದದ್ದು ಡ್ರಮ್ ಬ್ರೇಕ್. ಶಕ್ತಿ ದುಪ್ಪಟ್ಟು ಮಾಡಿ ಬ್ರೇಕ್ ಹಾಗೇ ಬಿಟ್ಟರೆ ಹೈದರಾಬಾದ್‌ನ ಹೊರ ವರ್ತುಲ ರಸ್ತೆಯಂಥ ಕಡೆ ಅದು ಜೀವದ ಪ್ರಶ್ನೆ. ಎಂಜಿನ್‌ಗೆ ಮುನ್ನ ಬ್ರೇಕ್‌ಗೆ ದುಡ್ಡು ಎತ್ತಿಡುವುದು ಒಳ್ಳೆಯದು.

ಕಾನೂನು ಏನು ಹೇಳುತ್ತದೆ?

ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52ರ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ಹೇಳಿದ್ದಕ್ಕಿಂತ ಬೇರೆಯಾಗುವಂತೆ ಮಾಲೀಕರು ವಾಹನವನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಕೆಟ್ಟ ಎಂಜಿನ್ ತೆಗೆದು ಅದೇ ಕಂಪನಿಯ, ಅದೇ ಮಾದರಿಯ ಎಂಜಿನ್ ಹಾಕುವುದಕ್ಕೆ ದಾರಿ ಇದೆ: ಅನುಮತಿ ಪಡೆದು, ಹೊಸ ಎಂಜಿನ್ ನಂಬರನ್ನು ಆರ್‌ಸಿಯಲ್ಲಿ ನಮೂದಿಸಿಕೊಳ್ಳಬೇಕು. ಬೇರೆ ಕಂಪನಿಯ, ಬೇರೆ ಸಿಸಿಯ ಎಂಜಿನ್‌ಗೆ ಈ ದಾರಿ ಮುಚ್ಚಿದೆ. 1.5 ಲೀಟರ್ ಕಾಂಟೆಸ್ಸಾಗೆ ಇಸುಜು ಎಂಜಿನ್ ಹಾಕಿ 'ಕಂಪನಿಯೇ ಹಾಕಿತ್ತಲ್ಲ' ಎಂದರೂ ವಾದ ನಿಲ್ಲುವುದು ಕಷ್ಟ, ಏಕೆಂದರೆ ಆ ಕಾರಿನ ಆರ್‌ಸಿಯಲ್ಲಿರುವ ಸಿಸಿ ಬೇರೆ.

ಅನುಮತಿಯಿಲ್ಲದ ಬದಲಾವಣೆಗೆ ಸೆಕ್ಷನ್ 182ಎ ಅಡಿ ಆರು ತಿಂಗಳವರೆಗೆ ಜೈಲು, ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಅಪಘಾತವಾದರೆ ವಿಮೆ ಕ್ಲೇಮ್ ಕೂಡ ಇಕ್ಕಟ್ಟಿಗೆ ಸಿಗುತ್ತದೆ.

50 ವರ್ಷ ದಾಟಿದ ಕಾರುಗಳ ಮಾಲೀಕರು ಇನ್ನೂ ಎಚ್ಚರದಿಂದಿರಬೇಕು. 2021ರ ನಿಯಮದಂತೆ ವಿಂಟೇಜ್ ನೋಂದಣಿಗೆ ಕಾರು ಮೂಲ ರೂಪದಲ್ಲೇ ಇರಬೇಕು, ಚಾಸಿಸ್, ಬಾಡಿ ಅಥವಾ ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. 20,000 ರೂಪಾಯಿ ಶುಲ್ಕಕ್ಕೆ 10 ವರ್ಷ ಸಿಗುವ ಈ ಮಾನ್ಯತೆ ಒಂದು ಎಂಜಿನ್ ಆಸೆಗೆ ಕೈತಪ್ಪಬಹುದು.

ವಿಚಿತ್ರವೆಂದರೆ ಎಂಜಿನ್ ತೆಗೆದು ಬ್ಯಾಟರಿ ಹಾಕುವುದಕ್ಕೆ ಕಾಯ್ದೆಯೇ ಬಾಗಿಲು ತೆರೆದಿದೆ. ಸಿಎನ್‌ಜಿ, ಎಲ್‌ಪಿಜಿ, ಬ್ಯಾಟರಿಗೆ ಬದಲಾಗಲು ಮಾನ್ಯತೆ ಪಡೆದ ಕಿಟ್ ಬಳಸಬಹುದು. ಹೈದರಾಬಾದ್‌ನ ಈ-ಟ್ರಿಯೊ ಕಂಪನಿ ಆಲ್ಟೊ, ವ್ಯಾಗನ್‌ಆರ್‌ನಂಥ ಕಾರುಗಳನ್ನು ಹೀಗೆ ಎಲೆಕ್ಟ್ರಿಕ್ ಮಾಡಿ ಸುದ್ದಿಯಾಗಿತ್ತು. ಆದರೆ ಕಿಟ್‌ಗೆ ಮಾನ್ಯತೆ ಸಿಗುವುದು ನಿರ್ದಿಷ್ಟ ಮಾದರಿಗಳಿಗೆ. ಕೆಲವೇ ಕೆಲವು ಉಳಿದಿರುವ ಸ್ಪೋರ್ಟ್ಸ್ ಕಾರಿಗಾಗಿ ಯಾರೂ ಪರೀಕ್ಷೆಯ ಖರ್ಚು ಹಾಕುವುದಿಲ್ಲ.

ಬೀದರ್, ಕಲಬುರಗಿ ಕಡೆಯವರಿಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ. ಅಲ್ಲಿಂದ ಹಳೆಯ ಕಾರು ಕೊಂಡು ತರುವ ಮುನ್ನ ಬಾನೆಟ್ ಎತ್ತಿ ಎಂಜಿನ್ ನಂಬರ್ ಮತ್ತು ಆರ್‌ಸಿಯ ನಂಬರ್ ತಾಳೆ ಹಾಕಲೇಬೇಕು. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡರೆ ಮರುನೋಂದಣಿ ಕಡ್ಡಾಯ. ಆಗ ಎನ್‌ಒಸಿ ಬೇಕು, ಚಾಸಿಸ್ ಮತ್ತು ಎಂಜಿನ್ ನಂಬರ್‌ಗಳ ಪೆನ್ಸಿಲ್ ಪ್ರಿಂಟ್ ಕೇಳುತ್ತಾರೆ. ನಂಬರ್ ಕೂಡದಿದ್ದರೆ ಕಾರು ಎಷ್ಟೇ ಚೆನ್ನಾಗಿ ಓಡಿದರೂ ಕಾಗದದಲ್ಲಿ ಹಳೆಯ ಮಾಲೀಕರ ಹೆಸರಲ್ಲೇ ಉಳಿಯುತ್ತದೆ.